ಫ್ರಿಜ್ಜಿನ ಇಲಿ, ಹೊಲದ ಇಲಿ: ಹಾವಿನ ಊಟದ ಒಂದು ಚರಿತ್ರೆ

ಹೊಸೂರಿನ ಹತ್ತಿರದ ತೊರಪಲ್ಲಿ ಅಗ್ರಹಾರ ಎಂದ ಕೂಡಲೇ ಎಲ್ಲರಿಗೂ ನೆನಪಾಗುವವರು ರಾಜಾಜಿ. ಭಾರತದ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರು 1878ರ ಡಿಸೆಂಬರ್ 10ರಂದು ಹುಟ್ಟಿದ್ದು ಈ ಊರಿನಲ್ಲಿ. ಆಗ ಇದು ಸೇಲಂ ಜಿಲ್ಲೆ. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಜಿಲ್ಲೆಯ ಹೆಸರು ಬದಲಾದರೂ ಊರಿನ ರಾಗಿ ಹೊಲ ಬದಲಾಗಿಲ್ಲ, ದಕ್ಷಿಣ ಪಿನಾಕಿನಿ ಹರಿಯುವ ದಿಕ್ಕೂ ಬದಲಾಗಿಲ್ಲ. ರಾಗಿ ಇದ್ದ ಕಡೆ ಇಲಿ, ಇಲಿ ಇದ್ದ ಕಡೆ ಹಾವು. ಇದೂ ಬದಲಾಗಿಲ್ಲ.

ಈ ಸಲ ಬರೆಯಹೊರಟಿರುವುದು ರಾಜಾಜಿಯವರ ಬಗ್ಗೆ ಅಲ್ಲ, ಈ ಇಲಿ ಮತ್ತು ಹಾವಿನ ಬಗ್ಗೆ. ಕಾರಣ ಇಷ್ಟೇ. ಈಗ ಮಕ್ಕಳ ಕೈಗೆ ಮೊಬೈಲ್ ಬಂದಿದೆ. ಅದರಲ್ಲಿ ಎಲ್ಲೋ ಅಮೆರಿಕದ ಹುಡುಗನೊಬ್ಬ ಫ್ರಿಜ್ಜಿನಿಂದ ಕಲ್ಲಿನಂತಾದ ಇಲಿಯನ್ನು ತೆಗೆದು, ಬಿಸಿನೀರಿನಲ್ಲಿ ಅದ್ದಿ, ಚಿಮ್ಮಟದಲ್ಲಿ ಹಿಡಿದು ತನ್ನ ಹೆಬ್ಬಾವಿಗೆ ತಿನ್ನಿಸುವುದನ್ನು ನೋಡುತ್ತಾರೆ. "ಸಾರ್, ಇದು ನಿಜವಾ? ಇಲಿಯನ್ನು ಯಾಕೆ ಬಿಸಿ ಮಾಡುತ್ತಾರೆ? ನಾವೂ ಹಾವು ಸಾಕಬಹುದಾ?" ಎಂದು ಕೇಳುತ್ತಾರೆ. ಕೇಳಲಿ. ಪ್ರಶ್ನೆ ಕೇಳುವ ಮಗುವಿಗೆ "ಸುಮ್ಮನಿರು" ಎನ್ನುವುದು ಸುಲಭ, ಉತ್ತರ ಹೇಳುವುದು ನಮ್ಮ ಕೆಲಸ. ಮೂರು ಪ್ರಶ್ನೆಗಳಿಗೂ ಉತ್ತರ ಚರಿತ್ರೆಯಲ್ಲಿದೆ. ಆ ಚರಿತ್ರೆ ಬಾಸ್ಟನ್ನಿನ ಮಂಜುಗಡ್ಡೆಯಿಂದ ಹೊರಟು ನಮ್ಮ ತಮಿಳುನಾಡಿನ ಇರುಳರ ಗುಡಿಸಲಿಗೆ ಬಂದು ನಿಲ್ಲುತ್ತದೆ!

ಹಾವು ಏನು ತಿನ್ನುತ್ತದೆ?

ಮೊದಲು ಒಂದು ಮಾತು. ಹಾವು ಹಾಲು ಕುಡಿಯುವುದಿಲ್ಲ. ನಾಗರ ಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುವುದು ನಮ್ಮ ಭಕ್ತಿ, ಅದು ಬೇರೆ ವಿಷಯ. ಆದರೆ ಹಾವಿನ ಆಹಾರ ಹಾಲಲ್ಲ. ಹಾವು ಮಾಂಸಾಹಾರಿ. ಇಲಿ, ಕಪ್ಪೆ, ಹಲ್ಲಿ, ಓತಿಕ್ಯಾತ, ಹಕ್ಕಿ, ಮೊಟ್ಟೆ, ಮೀನು ಹೀಗೆ ಒಂದೊಂದು ಜಾತಿಯ ಹಾವಿಗೆ ಒಂದೊಂದು ಊಟ. ನಮ್ಮ ಹೊಲಗಳ ಕೇರೆ ಹಾವು, ನಾಗರಹಾವು, ಮಂಡಲದ ಹಾವುಗಳಿಗೆ ಇಲಿ ಎಂದರೆ ಮುಖ್ಯ ಊಟ. ಕಾಳಿಂಗ ಸರ್ಪಕ್ಕೆ ಇತರ ಹಾವುಗಳೇ ಊಟ. (ಪಶ್ಚಿಮ ಘಟ್ಟದ ಕಾಳಿಂಗವು ಬೇರೆಯೇ ಒಂದು ಜಾತಿ ಎಂದು 2024ರಲ್ಲಿ ವಿಜ್ಞಾನಿಗಳು ಘೋಷಿಸಿದರು. ಅದಕ್ಕೆ ಇಟ್ಟ ವೈಜ್ಞಾನಿಕ ಹೆಸರಿನಲ್ಲಿ ನಮ್ಮ ಕನ್ನಡದ "ಕಾಳಿಂಗ" ಎಂಬ ಪದವೇ ಇದೆ. ಕನ್ನಡಿಗರಾದ ನಮಗೆ ಇದು ಹೆಮ್ಮೆಯ ಸಂಗತಿ.)

ಮನುಷ್ಯ ಬೇಸಾಯ ಕಲಿತು ಕಾಳನ್ನು ಕೂಡಿಡಲು ತೊಡಗಿದಾಗ ಇಲಿಗಳು ಅವನ ನೆರೆಹೊರೆಯವರಾದವು. ಕಣಜ, ಹಗೇವು, ಬಣವೆ ಎಲ್ಲವೂ ಇಲಿಗಳ ಪಾಲಿಗೆ ಛತ್ರವಾದವು. ಇಲಿಯ ಹಿಂದೆಯೇ ಹಾವೂ ಊರಿಗೆ ಬಂತು. ಹಾವು ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ, ತನ್ನ ಊಟವನ್ನು ಹುಡುಕಿಕೊಂಡು ಬರುತ್ತದೆ. ಈ ಒಂದು ಮಾತನ್ನು ಮಕ್ಕಳಿಗೆ ಸರಿಯಾಗಿ ತಿಳಿಸಿದರೆ ಹಾವಿನ ಭಯ ಅರ್ಧ ಕಡಿಮೆಯಾಗುತ್ತದೆ.

ಮಂಜುಗಡ್ಡೆ ಮದರಾಸಿಗೆ ಬಂದ ಕಥೆ

ಇಲಿಯನ್ನು ಹೆಪ್ಪುಗಟ್ಟಿಸಿ ಇಡಬೇಕಾದರೆ ಮೊದಲು ತಣ್ಣಗಿಡುವ ವಿದ್ಯೆ ಗೊತ್ತಿರಬೇಕಲ್ಲವೇ? ಆ ವಿದ್ಯೆ ಬರುವ ಮೊದಲು ನಮ್ಮ ದೇಶಕ್ಕೆ ಮಂಜುಗಡ್ಡೆಯೇ ಹಡಗಿನಲ್ಲಿ ಬರುತ್ತಿತ್ತು. ಅಮೆರಿಕದ ಬಾಸ್ಟನ್ ನಗರದ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಗಡ್ಡೆಗಳನ್ನು ಕೊಯ್ದು, ಮರದ ಹೊಟ್ಟಿನಲ್ಲಿ ಸುತ್ತಿ, 1833ರಲ್ಲಿ ಕಲ್ಕತ್ತಾಕ್ಕೆ ಕಳುಹಿಸಿದ. ನಾಲ್ಕು ತಿಂಗಳ ಸಮುದ್ರ ಪ್ರಯಾಣದ ನಂತರವೂ ಅದರಲ್ಲಿ ಹೆಚ್ಚಿನ ಪಾಲು ಕರಗದೆ ಉಳಿದಿತ್ತು. ಮದರಾಸಿನಲ್ಲಿ ಈ ಗಡ್ಡೆಗಳನ್ನು ಇಡಲು 1842ರಲ್ಲಿ ಸಮುದ್ರದ ದಡದಲ್ಲಿ ಒಂದು ದುಂಡನೆಯ ಕಟ್ಟಡ ಕಟ್ಟಿದರು. ಅದೇ ಐಸ್ ಹೌಸ್. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದುದು ಇದೇ ಕಟ್ಟಡದಲ್ಲಿ, ಹಾಗಾಗಿ ಈಗ ಅದರ ಹೆಸರು ವಿವೇಕಾನಂದ ಇಲ್ಲಂ. ಶಾಲೆಯಿಂದ ಚೆನ್ನೈಗೆ ಪ್ರವಾಸ ಹೋದವರು ಮೆರೀನಾ ಕಡಲ ದಂಡೆಯ ಎದುರಿಗೆ ಇದನ್ನು ನೋಡಿರುತ್ತೀರಿ.

ನಂತರ ಯಂತ್ರಗಳು ಬಂದವು. 1870ರ ದಶಕದಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಅಮೋನಿಯ ಬಳಸಿ ತಂಪು ಮಾಡುವ ಯಂತ್ರವನ್ನು ರೂಪಿಸಿದ. 1882ರಲ್ಲಿ ಡ್ಯುನೆಡಿನ್ ಎಂಬ ಹಡಗು ನ್ಯೂಜಿಲೆಂಡಿನಿಂದ ಲಂಡನ್ನಿಗೆ ಹೆಪ್ಪುಗಟ್ಟಿಸಿದ ಕುರಿಮಾಂಸವನ್ನು ಕೆಡದಂತೆ ಒಯ್ದಿತು. 1920ರ ದಶಕದಲ್ಲಿ ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಆಹಾರವನ್ನು ಬೇಗನೆ ಹೆಪ್ಪುಗಟ್ಟಿಸುವ ವಿಧಾನ ಕಂಡುಹಿಡಿದ. ನಿಧಾನವಾಗಿ ಹೆಪ್ಪುಗಟ್ಟಿದರೆ ಮಾಂಸದೊಳಗೆ ದೊಡ್ಡ ದೊಡ್ಡ ಮಂಜಿನ ಹರಳುಗಳು ಬೆಳೆದು ಜೀವಕೋಶಗಳನ್ನು ಹರಿದುಹಾಕುತ್ತವೆ. ಬೇಗ ಹೆಪ್ಪುಗಟ್ಟಿದರೆ ಹರಳು ಸಣ್ಣದಾಗಿರುತ್ತದೆ, ಮಾಂಸ ಮೊದಲಿನಂತೆಯೇ ಇರುತ್ತದೆ. ಮನುಷ್ಯನ ಊಟಕ್ಕಾಗಿ ಹುಟ್ಟಿದ ಈ ವಿದ್ಯೆಯೇ ಮುಂದೆ ಹಾವಿನ ಊಟಕ್ಕೂ ಬಂತು.

ಬಿಳಿ ಇಲಿಯ ಕಥೆ

ಇನ್ನು ಇಲಿ. ಹೊಲದಲ್ಲಿ ಹಿಡಿದ ಇಲಿಯನ್ನು ಸಾಕಿದ ಹಾವಿಗೆ ಹಾಕಿದರೆ ಅದರ ರೋಗ, ಹುಳು, ಅದು ತಿಂದ ವಿಷ ಎಲ್ಲವೂ ಹಾವಿಗೆ ಬರುತ್ತದೆ. ಆದ್ದರಿಂದ ಶುದ್ಧವಾಗಿ ಸಾಕಿದ ಇಲಿಗಳು ಬೇಕಾದವು. ಇವು ಮೊದಲು ಹುಟ್ಟಿದ್ದು ಹಾವಿಗಾಗಿ ಅಲ್ಲ, ಶೋಕಿಗಾಗಿ! ಇಂಗ್ಲೆಂಡಿನಲ್ಲಿ ಬಣ್ಣಬಣ್ಣದ ಸಣ್ಣ ಇಲಿಗಳನ್ನು ಸಾಕಿ ಪ್ರದರ್ಶನಕ್ಕಿಡುವ ಹವ್ಯಾಸವಿತ್ತು. ಅದಕ್ಕಾಗಿ 1895ರಲ್ಲಿ ಒಂದು ರಾಷ್ಟ್ರೀಯ ಸಂಘವೇ ಹುಟ್ಟಿತು. ಅಮೆರಿಕದಲ್ಲಿ ಆ್ಯಬಿ ಲಾಥ್ರೊಪ್ ಎಂಬ ಮಹಿಳೆ 1900ರ ಸುಮಾರಿಗೆ ಇಂತಹ ಇಲಿಗಳನ್ನು ಸಾಕಿ ಮಾರುತ್ತಿದ್ದರು. ವಿಜ್ಞಾನಿಗಳು ಅವರಿಂದ ಇಲಿ ಕೊಂಡು ಪ್ರಯೋಗ ಮಾಡತೊಡಗಿದರು. ಆಕೆ ಹಿಂದೆ ಶಾಲಾ ಶಿಕ್ಷಕಿಯಾಗಿದ್ದವರು ಎಂಬುದನ್ನು ಓದಿದಾಗ ನನಗೆ ಬಹಳ ಸಂತೋಷವಾಯಿತು! ಇಂದು ಪ್ರಪಂಚದ ಪ್ರಯೋಗಾಲಯಗಳಲ್ಲಿರುವ ಕೆಲವು ಪ್ರಸಿದ್ಧ ಇಲಿ ತಳಿಗಳ ಮೂಲ ಆಕೆಯ ಕೊಟ್ಟಿಗೆಯಲ್ಲಿದೆ. ಹೀಗೆ ಶೋಕಿಯಿಂದ ಪ್ರಯೋಗಾಲಯಕ್ಕೆ ಹೋದ ಬಿಳಿ ಇಲಿ ಅಲ್ಲಿಂದ ಹಾವು ಸಾಕುವವರ ಮನೆಗೆ ಬಂತು. ಈಗ ವಿದೇಶಗಳಲ್ಲಿ ಹಾವಿಗಾಗಿಯೇ ಇಲಿಗಳನ್ನು ಸಾಕಿ, ಅನಿಲದಿಂದ ಸಾಯಿಸಿ, ಹೆಪ್ಪುಗಟ್ಟಿಸಿ, ಗಾತ್ರದ ಪ್ರಕಾರ ಚೀಲ ಕಟ್ಟಿ ಮಾರುವ ದೊಡ್ಡ ಉದ್ಯಮವೇ ಇದೆ. ಕೂದಲು ಬಾರದ ಗುಲಾಬಿ ಬಣ್ಣದ ಮರಿಗೆ "ಪಿಂಕಿ" ಎಂದು ಹೆಸರು!

ಜೀವಂತ ಇಲಿ ಯಾಕೆ ಬೇಡ?

ಜನರು ನೋಡಲೆಂದು ಹಾವುಗಳಿಗಾಗಿಯೇ ಕಟ್ಟಿದ ಪ್ರಪಂಚದ ಮೊದಲ ಮನೆ ಲಂಡನ್ ಮೃಗಾಲಯದಲ್ಲಿ 1849ರಲ್ಲಿ ತೆರೆಯಿತು. ಆಗ ಹಾವಿಗೆ ಜೀವಂತ ಪ್ರಾಣಿಗಳನ್ನೇ ಹಾಕುತ್ತಿದ್ದರು. ಜನ ನಿಂತು ನೋಡುತ್ತಿದ್ದರು. ಮುಂದೆ ಪ್ರಾಣಿದಯೆಯ ಚಳವಳಿ ಬೆಳೆದಂತೆ ಇದಕ್ಕೆ ವಿರೋಧ ಬಂತು. ಪಂಜರದಲ್ಲಿ ಓಡಲು ದಾರಿಯಿಲ್ಲದ ಇಲಿಯನ್ನು ಹಾವಿನ ಮುಂದೆ ಬಿಟ್ಟು ತಮಾಷೆ ನೋಡುವುದು ಸರಿಯೇ? ಕಾಡಿನಲ್ಲಿ ಇಲಿಗೆ ಓಡಲು ಜಾಗವಿದೆ, ಬಿಲವಿದೆ. ಪಂಜರದಲ್ಲಿ ಏನಿದೆ?

ಹಾವಿನ ದೃಷ್ಟಿಯಿಂದಲೂ ಜೀವಂತ ಇಲಿ ಒಳ್ಳೆಯದಲ್ಲ. ಹಸಿವಿಲ್ಲದ ಹಾವಿನ ಜೊತೆ ಇಲಿಯನ್ನು ರಾತ್ರಿಯೆಲ್ಲಾ ಬಿಟ್ಟರೆ ಇಲಿಯೇ ಹಾವನ್ನು ಕಡಿದು ಗಾಯ ಮಾಡುತ್ತದೆ. ಇಲಿ ಹಾವನ್ನು ಕಡಿಯಿತು ಎಂದರೆ ಮಕ್ಕಳು ನಗುತ್ತಾರೆ, ಆದರೆ ಇದು ಸತ್ಯ. ಇಲಿಯ ಹಲ್ಲು ಬೆಳೆಯುತ್ತಲೇ ಇರುತ್ತದೆ, ಅದಕ್ಕೆ ಏನನ್ನಾದರೂ ಕಡಿಯುತ್ತಲೇ ಇರಬೇಕು. ಈ ಎರಡು ಕಾರಣಗಳಿಂದ ಮೊದಲೇ ಸತ್ತ ಇಲಿಯನ್ನು ಕೊಡುವ ಪದ್ಧತಿ ಬೆಳೆಯಿತು.

ಇಲಿಯನ್ನು ಬಿಸಿ ಮಾಡುವುದು ಯಾಕೆ?

ಈಗ ಮಕ್ಕಳ ಮುಖ್ಯ ಪ್ರಶ್ನೆಗೆ ಬರೋಣ. ಹೆಪ್ಪುಗಟ್ಟಿದ ಇಲಿಯನ್ನು ಹಾಗೆಯೇ ಕೊಟ್ಟರೆ ಹಾವು ಅದನ್ನು ಆಹಾರ ಎಂದೇ ಗುರುತಿಸುವುದಿಲ್ಲ. ನುಂಗಿದರೂ ಅಪಾಯ. ಹಾವು ಶೀತರಕ್ತ ಪ್ರಾಣಿ, ತನ್ನ ಮೈಯ ಕಾವಿಗೆ ಸುತ್ತಲಿನ ಕಾವನ್ನೇ ನಂಬಿರುತ್ತದೆ. ಹೊಟ್ಟೆಯೊಳಗೆ ಮಂಜಿನ ಗಡ್ಡೆ ಹೋದರೆ ಜೀರ್ಣಕ್ರಿಯೆ ನಿಂತು ಆಹಾರ ಒಳಗೇ ಕೊಳೆಯಬಹುದು, ಅಥವಾ ಹಾವು ಅದನ್ನು ಕಕ್ಕಬಹುದು. ಆದ್ದರಿಂದ ಎರಡು ಹಂತದ ಕೆಲಸ ಮಾಡುತ್ತಾರೆ.

ಮೊದಲ ಹಂತ, ಹೆಪ್ಪು ಬಿಡಿಸುವುದು. ಹೆಪ್ಪುಗಟ್ಟಿದ ಇಲಿಯನ್ನು ಮುಚ್ಚಿದ ಚೀಲದಲ್ಲಿಟ್ಟು ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ರಾತ್ರಿಯೆಲ್ಲಾ ಬಿಡುತ್ತಾರೆ. ಅಲ್ಲಿ 4 ಡಿಗ್ರಿಯಷ್ಟು ತಂಪಿರುವುದರಿಂದ ನಿಧಾನವಾಗಿ ಹೆಪ್ಪು ಬಿಡುತ್ತದೆ, ಆದರೆ ಕೊಳೆಯುವುದಿಲ್ಲ. ಬಿಸಿಲಿನಲ್ಲಿಟ್ಟರೆ ಹೊರಗಿನ ಚರ್ಮ ಕೊಳೆಯತೊಡಗಿದರೂ ಒಳಗೆ ಗಡ್ಡೆಯಾಗಿಯೇ ಇರುತ್ತದೆ. ಎರಡನೆಯ ಹಂತ, ಬಿಸಿ ಮಾಡುವುದು. ಚೀಲದ ಸಮೇತ ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಡುತ್ತಾರೆ. ಜೀವಂತ ಇಲಿಯ ಮೈ ಸುಮಾರು 37 ಡಿಗ್ರಿ ಇರುತ್ತದೆ, ಆ ಕಾವು ಬಂದರೆ ಸಾಕು. ಕುದಿಯುವ ನೀರು ಹಾಕಿದರೆ ಮಾಂಸ ಬೇಯುತ್ತದೆ. ಮೈಕ್ರೋವೇವ್ ಒಲೆಯಲ್ಲಿಟ್ಟರೆ ಒಂದು ಕಡೆ ಬೆಂದು ಇನ್ನೊಂದು ಕಡೆ ಗಡ್ಡೆಯಾಗಿಯೇ ಉಳಿಯುತ್ತದೆ, ಕೆಲವೊಮ್ಮೆ ಒಡೆದೂ ಹೋಗುತ್ತದೆ. ಒಮ್ಮೆ ಹೆಪ್ಪು ಬಿಟ್ಟ ಇಲಿಯನ್ನು ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ.

ಕಾವಿಗೆ ಇಷ್ಟೊಂದು ಮಹತ್ವ ಯಾಕೆ ಗೊತ್ತೇ? ಹೆಬ್ಬಾವಿನ ತುಟಿಗಳ ಮೇಲೆ ಸಣ್ಣ ಸಣ್ಣ ಗುಳಿಗಳಿರುತ್ತವೆ. ಗುಳಿಮಂಡಲ ಹಾವುಗಳಿಗೆ ಕಣ್ಣು ಮತ್ತು ಮೂಗಿನ ನಡುವೆ ಇಂತಹ ಗುಳಿ ಇರುತ್ತದೆ. ಇವು ಶಾಖವನ್ನು ಅರಿಯುವ ಅಂಗಗಳು. ಕಗ್ಗತ್ತಲೆಯಲ್ಲಿಯೂ ಬೆಚ್ಚಗಿನ ಇಲಿ ಎಲ್ಲಿದೆ ಎಂದು ಹಾವಿಗೆ ತಿಳಿಯುವುದು ಇವುಗಳಿಂದ. ಈ ಗುಳಿಯೊಳಗೆ ಶಾಖವನ್ನು ಹಿಡಿಯುವ ಪ್ರೋಟೀನ್ ಯಾವುದು ಎಂಬುದನ್ನು 2010ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಅವರ ತಂಡ ಕಂಡುಹಿಡಿಯಿತು. ಮನುಷ್ಯನಲ್ಲಿ ಸಾಸಿವೆಯ ಘಾಟನ್ನು ಅರಿಯುವ ಪ್ರೋಟೀನ್‌ಗೆ ಅದು ಸಂಬಂಧಿ! ನಮ್ಮ ಚರ್ಮಕ್ಕೆ ಬಿಸಿ ಹೇಗೆ ತಿಳಿಯುತ್ತದೆ ಎಂಬ ಸಂಶೋಧನೆಗಾಗಿ ಇದೇ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಾಗರಹಾವು, ಕೇರೆ ಹಾವುಗಳಿಗೆ ಈ ಗುಳಿಗಳಿಲ್ಲ. ಅವು ನಾಲಗೆ ಚಾಚಿ ವಾಸನೆಯ ಕಣಗಳನ್ನು ಹಿಡಿದು ಬಾಯೊಳಗಿನ ಅಂಗಕ್ಕೆ ಒಯ್ದು ಬೇಟೆಯನ್ನು ಪತ್ತೆ ಮಾಡುತ್ತವೆ. ಹಾವು ನಾಲಗೆ ಚಾಚುವುದು ಕೋಪದಿಂದ ಅಲ್ಲ, ಮೂಸಿ ನೋಡುವುದಕ್ಕೆ.

ಇಲಿ ತಂದ ರೋಗಗಳು

ಇಲಿಯ ಚರಿತ್ರೆ ಹೇಳುವಾಗ ಪ್ಲೇಗನ್ನು ಬಿಡಲಾಗದು. 1894ರಲ್ಲಿ ಹಾಂಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಪ್ಲೇಗಿನ ಸೂಕ್ಷ್ಮಾಣುವನ್ನು ಗುರುತಿಸಿದ. 1896ರಲ್ಲಿ ಪ್ಲೇಗು ಮುಂಬಯಿಗೆ ಬಂತು. 1898ರ ಆಗಸ್ಟಿನಲ್ಲಿ ರೈಲಿನ ದಾರಿಯಲ್ಲಿ ಬೆಂಗಳೂರಿಗೂ ಬಂತು. ತೊರಪಲ್ಲಿಯಲ್ಲಿ ಹುಟ್ಟಿ, ಹೊಸೂರು ಮತ್ತು ಬೆಂಗಳೂರುಗಳಲ್ಲಿ ಓದಿದ ರಾಜಾಜಿಯವರಿಗೆ ಆಗ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಬೆಂಗಳೂರಿನ ಜನ ಊರು ಬಿಟ್ಟು ಓಡಿದರು. ಪ್ಲೇಗಮ್ಮನ ಗುಡಿಗಳು ಎದ್ದವು, ಕೆಲವು ಈಗಲೂ ಇವೆ. ಇಕ್ಕಟ್ಟಿನ ಪೇಟೆ ಬಿಟ್ಟು ಮಲ್ಲೇಶ್ವರಂ, ಬಸವನಗುಡಿಯಂತಹ ಅಗಲ ಬೀದಿಗಳ ಬಡಾವಣೆಗಳು ಬೆಳೆಯಲು ಪ್ಲೇಗು ಒಂದು ಕಾರಣವಾಯಿತು. ಅದೇ 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯ, ಇಲಿಯಿಂದ ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂದು ತೋರಿಸಿದ. ಮೊದಮೊದಲು ಯಾರೂ ನಂಬಲಿಲ್ಲ.

ಇಲಿಯನ್ನು ಹೆಪ್ಪುಗಟ್ಟಿಸಿದರೆ ರೋಗವೆಲ್ಲಾ ಹೋಯಿತು ಎಂದು ತಿಳಿಯಬಾರದು. ಚಳಿಗೆ ಕೆಲವು ಹುಳುಗಳು ಸಾಯುತ್ತವೆ, ಆದರೆ ಸಾಲ್ಮೊನೆಲ್ಲಾದಂತಹ ಸೂಕ್ಷ್ಮಾಣುಗಳು ನಿದ್ದೆ ಹೋದಂತೆ ಇದ್ದು ಕಾವು ಬಂದ ಕೂಡಲೇ ಎದ್ದು ಕೂರುತ್ತವೆ. 2008ರಿಂದ 2010ರ ನಡುವೆ ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಹಾವು ಸಾಕುವ ಮನೆಗಳಲ್ಲಿ ಇಂತಹ ಹೆಪ್ಪುಗಟ್ಟಿದ ಇಲಿಗಳ ಮೂಲಕ ನೂರಾರು ಜನರಿಗೆ ವಾಂತಿ ಭೇದಿ ಬಂತು. ಅವರಲ್ಲಿ ಬಹಳ ಮಂದಿ ಮಕ್ಕಳು. ಆದ್ದರಿಂದಲೇ ಆ ಇಲಿಯನ್ನು ಅಡುಗೆ ಮನೆಯ ಪಾತ್ರೆಯಲ್ಲಿ ಬಿಸಿ ಮಾಡಬಾರದು, ಊಟದ ಫ್ರಿಜ್ಜಿನಲ್ಲಿ ಇಡಬಾರದು, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು ಎಂದು ಅಲ್ಲಿನ ಆರೋಗ್ಯ ಇಲಾಖೆಗಳು ಹೇಳುತ್ತವೆ.

ನಾವೂ ಹಾವು ಸಾಕಬಹುದಾ?

ಇದು ಮೂರನೆಯ ಪ್ರಶ್ನೆ. ನಮ್ಮ ನಾಡಿನ ಹಾವನ್ನು ಹಿಡಿದು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹೆಬ್ಬಾವು, ನಾಗರ, ಕೇರೆ ಮುಂತಾದ ಹಾವುಗಳನ್ನು ಹಿಡಿಯುವುದು, ಕೊಲ್ಲುವುದು, ಮನೆಯಲ್ಲಿಡುವುದು ಅಪರಾಧ. ವಿದೇಶದ ಹಾವುಗಳ ಬಗ್ಗೆ ಮೊದಲು ಸ್ಪಷ್ಟ ನಿಯಮವಿರಲಿಲ್ಲ. 2022ರಲ್ಲಿ ಕಾಯ್ದೆಯನ್ನು ತಿದ್ದಿದರು. ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಸಾಕುವವರು ಸರಕಾರದಲ್ಲಿ ನೋಂದಾಯಿಸಬೇಕು ಎಂಬ ನಿಯಮಗಳು 2024ರಲ್ಲಿ ಬಂದವು. ಆಫ್ರಿಕದ ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವು ಈ ಪಟ್ಟಿಯಲ್ಲಿದೆ.

ನಿಯಮವಿದ್ದರೂ ಕಳ್ಳಸಾಗಣೆ ನಿಂತಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಒಂದು ಪೆಟ್ಟಿಗೆಯಲ್ಲಿ 55 ಬಾಲ್ ಪೈಥಾನ್‌ಗಳೂ 17 ಕಾಳಿಂಗ ಸರ್ಪಗಳೂ ಸಿಕ್ಕವು. ಜೊತೆಗಿದ್ದ 6 ಕೋತಿಗಳು ಸತ್ತಿದ್ದವು. ಮೊಬೈಲಿನಲ್ಲಿ ನೋಡುವ ಚಂದದ ಹಾವಿನ ಹಿಂದೆ ಇಂತಹ ಪೆಟ್ಟಿಗೆಗಳಿರಬಹುದು ಎಂಬುದನ್ನು ಮಕ್ಕಳಿಗೆ ತಿಳಿಸಬೇಕು.

ಸಾಕುವ ಶೋಕಿ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಅಮೆರಿಕದ ಫ್ಲೋರಿಡಾ ಒಂದು ಪಾಠ. ಬರ್ಮಾ ದೇಶದ ಹೆಬ್ಬಾವಿನ ಮರಿಗಳನ್ನು ಅಲ್ಲಿಯ ಜನ ಕೊಂಡು, ಫ್ರಿಜ್ಜಿನ ಇಲಿ ತಿನ್ನಿಸಿ ಸಾಕಿದರು. ಹಾವು ಹತ್ತು ಅಡಿ ದಾಟಿದ ಮೇಲೆ ಅದಕ್ಕೆ ಇಲಿ ಸಾಲದು, ಮೊಲ ಬೇಕು, ದೊಡ್ಡ ಕೋಣೆ ಬೇಕು. ಸಾಕಲಾಗದೆ ಕೆಲವರು ಹತ್ತಿರದ ಎವರ್‌ಗ್ಲೇಡ್ಸ್ ಎಂಬ ಜೌಗು ಕಾಡಿಗೆ ಬಿಟ್ಟರು. 1992ರ ಚಂಡಮಾರುತದಲ್ಲಿ ಹಾವು ಸಾಕುವ ಒಂದು ಕೇಂದ್ರವೂ ಹಾಳಾಯಿತು. ಹಾವುಗಳು ಅಲ್ಲಿ ಮರಿ ಮಾಡಿ ಹಬ್ಬಿವೆ ಎಂದು 2000ದ ಹೊತ್ತಿಗೆ ಖಚಿತವಾಯಿತು. ರಕೂನ್ ಎಂಬ ಪ್ರಾಣಿ ಆ ಕಾಡಿನಲ್ಲಿ ಕಾಣಸಿಗುವುದು ಶೇಕಡಾ 99ರಷ್ಟು ಕಡಿಮೆಯಾಯಿತು ಎಂದು 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅದೇ ವರ್ಷ ಅಮೆರಿಕ ಸರಕಾರ ಈ ಹಾವಿನ ಆಮದನ್ನು ನಿಷೇಧಿಸಿತು. ಆದರೆ ಕಾಡು ಸೇರಿದ ಹಾವನ್ನು ಹಿಡಿಯುವವರು ಯಾರು? ಹುಲ್ಲಿನೊಳಗೆ ಮಲಗಿದರೆ ಎರಡು ಮಾರು ದೂರದಿಂದಲೂ ಅದು ಕಾಣುವುದಿಲ್ಲ.

ಆಗ ಅಮೆರಿಕದವರು ಕರೆದದ್ದು ತಮಿಳುನಾಡಿನ ಇರುಳರನ್ನು!

ಇರುಳರು

ಚೆನ್ನೈ ಸುತ್ತಲಿನ ಬಯಲು ಸೀಮೆಯ ಇರುಳರು ತಲೆತಲಾಂತರದಿಂದ ಹಾವು ಮತ್ತು ಇಲಿ ಹಿಡಿಯುವುದರಲ್ಲಿ ನಿಪುಣರು. ಒಣಗಿದ ನೆಲದ ಮೇಲಿನ ಗೀರು, ಕಳಚಿದ ಪೊರೆಯ ಚೂರು, ಹಿಕ್ಕೆ, ಬಿಲದ ಬಾಯಿಯ ನುಣುಪು ಇವನ್ನು ನೋಡಿ ಒಳಗೆ ಯಾವ ಹಾವಿದೆ, ಇಲ್ಲವೇ ಇಲಿ ಇದೆಯೇ ಎಂದು ಹೇಳಬಲ್ಲರು. ಇಲಿ ಹಿಡಿಯಲು ಮಡಕೆಯಲ್ಲಿ ಹುಲ್ಲಿನ ಬೆಂಕಿ ಹಾಕಿ, ಮಡಕೆಯ ಬಾಯನ್ನು ಬಿಲಕ್ಕೆ ಆನಿಸಿ, ತಳದ ತೂತಿನಿಂದ ಊದಿ ಬಿಲದೊಳಗೆ ಹೊಗೆ ತುಂಬುತ್ತಾರೆ. ಆ ಹೊಗೆ ಅವರ ಎದೆಗೂ ಹೋಗುತ್ತದೆ, ಕೈ ಸುಡುತ್ತದೆ. 2000ದ ದಶಕದಲ್ಲಿ ಕೈಯಿಂದ ತಿರುಗಿಸುವ ಉಕ್ಕಿನ ಹೊಗೆ ಯಂತ್ರಗಳನ್ನು ಹಲವರಿಗೆ ಕೊಡಲಾಯಿತು. ಬಿಲ ಅಗೆದರೆ ಇಲಿ ಕದ್ದಿಟ್ಟ ಭತ್ತವೂ ಸಿಗುತ್ತದೆ. ಇಲಿ ಅವರಿಗೆ ಆಹಾರ, ಆ ಭತ್ತವೂ ಆಹಾರ. ರೈತನಿಗೆ ವಿಷ ಹಾಕದೆ ಇಲಿಯ ಕಾಟ ತಪ್ಪುತ್ತದೆ.

ಒಂದು ಕಾಲಕ್ಕೆ ಇರುಳರ ಆದಾಯ ಹಾವಿನ ಚರ್ಮದಿಂದ ಬರುತ್ತಿತ್ತು. ಚರ್ಮದ ವ್ಯಾಪಾರಿಗಳು ಕಡಿಮೆ ಬೆಲೆಗೆ ಕೊಂಡು ವಿದೇಶಕ್ಕೆ ಕಳುಹಿಸುತ್ತಿದ್ದರು. 1972ರ ಕಾಯ್ದೆ ಮತ್ತು 1976ರ ರಫ್ತು ನಿಷೇಧದಿಂದ ಅದು ನಿಂತಿತು. ಹಾವುಗಳಿಗೆ ಒಳ್ಳೆಯದಾಯಿತು, ಇರುಳರ ಒಲೆ ಆರಿತು. ಆಗ ಮದರಾಸಿನಲ್ಲಿ ಹಾವು ಉದ್ಯಾನ ಕಟ್ಟಿದ್ದ ರಾಮುಲಸ್ ವಿಟೇಕರ್ ಅವರೂ ಇರುಳರೂ ಸೇರಿ 1978ರಲ್ಲಿ, ಅಂದರೆ ರಾಜಾಜಿ ಹುಟ್ಟಿದ ನೂರನೆಯ ವರ್ಷದಲ್ಲಿ, ಇರುಳರ ಹಾವು ಹಿಡಿಯುವವರ ಸಹಕಾರ ಸಂಘವನ್ನು ಕಟ್ಟಿದರು. ಚೆನ್ನೈ ದಕ್ಷಿಣಕ್ಕೆ ವಡನೆಮ್ಮೇಲಿಯಲ್ಲಿ ಅದರ ಕೇಂದ್ರವಿದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳನ್ನು ಅನುಮತಿ ಪಡೆದು ಹಿಡಿದು, ಮಣ್ಣಿನ ಮಡಕೆಗಳಲ್ಲಿ ಕೆಲವು ವಾರ ಇಟ್ಟು, ಕೆಲವು ಬಾರಿ ವಿಷ ತೆಗೆದು, ಹೊಟ್ಟೆಯ ಪೊರೆಗೆ ಗುರುತು ಮಾಡಿ ಮತ್ತೆ ಕಾಡಿಗೆ ಬಿಡುತ್ತಾರೆ. ಹಾವನ್ನು ಕೊಲ್ಲುವುದಿಲ್ಲ. ಆ ವಿಷವನ್ನು ಕುದುರೆಗಳಿಗೆ ಸ್ವಲ್ಪ ಸ್ವಲ್ಪವೇ ಕೊಟ್ಟು ಅವುಗಳ ರಕ್ತದಿಂದ ಪ್ರತಿವಿಷ ತಯಾರಿಸುತ್ತಾರೆ. ನಮ್ಮ ದೇಶದ ಪ್ರತಿವಿಷಕ್ಕೆ ಬೇಕಾದ ವಿಷದ ಬಹುಪಾಲು ಬರುವುದು ಈ ಸಂಘದಿಂದ. ಹೊಸೂರಿನ ಆಸ್ಪತ್ರೆಯಲ್ಲಾಗಲಿ, ಆನೇಕಲ್ಲಿನ ಆಸ್ಪತ್ರೆಯಲ್ಲಾಗಲಿ ಹಾವು ಕಚ್ಚಿದ ರೈತ ಬದುಕಿ ಮನೆಗೆ ಬಂದರೆ ಆ ಸೀಸೆಯ ಹಿಂದೆ ಒಬ್ಬ ಇರುಳನ ಕೈ ಇರುವ ಸಾಧ್ಯತೆ ಹೆಚ್ಚು.

ಈ ಸಂಘದ ಮಾಸಿ ಸಡಯನ್ ಮತ್ತು ವಡಿವೇಲ್ ಗೋಪಾಲ್ ಅವರು 2017ರಲ್ಲಿ ಫ್ಲೋರಿಡಾಕ್ಕೆ ಹೋದರು. ಎರಡು ವಾರ ತುಂಬುವ ಮೊದಲೇ 13 ಹೆಬ್ಬಾವುಗಳು ಸಿಕ್ಕವು. ಅದರಲ್ಲಿ ಒಂದು 16 ಅಡಿಯದು. 2023ರಲ್ಲಿ ಭಾರತ ಸರಕಾರ ಇಬ್ಬರಿಗೂ ಪದ್ಮಶ್ರೀ ಪ್ರಶಸ್ತಿ ನೀಡಿತು.

ನಮ್ಮ ತರಗತಿಗೆ ಸಂಬಂಧಿಸಿದ್ದು

ಈ ಚರಿತ್ರೆಯನ್ನು ಬರೆದದ್ದಕ್ಕೆ ನಿಜವಾದ ಕಾರಣವನ್ನು ಈಗ ಹೇಳುತ್ತೇನೆ. ನಮ್ಮ ಕೃಷ್ಣಗಿರಿ ಜಿಲ್ಲೆಯ ದೇನ್ಕನಿಕೋಟೆ, ತಳಿ, ಅಂಚೆಟ್ಟಿ ಕಡೆಯ ಬೆಟ್ಟಗಳಲ್ಲಿ ಇರುಳರಿದ್ದಾರೆ. ಗಡಿಯಾಚೆ ರಾಮನಗರ, ಕನಕಪುರ, ಮಾಗಡಿ ಕಡೆ ಇವರನ್ನು ಇರುಳಿಗರು ಎನ್ನುತ್ತಾರೆ. ಇವರೆಲ್ಲರೂ ಹಾವು ಹಿಡಿಯುವವರಲ್ಲ. ಬೆಟ್ಟದ ಇರುಳರು ಜೇನು, ಗೆಡ್ಡೆ, ಕಾಡಿನ ಉತ್ಪನ್ನಗಳನ್ನು ನಂಬಿದವರು. ಆದರೆ ಶಾಲೆಗೆ ಬಂದಾಗ ಎಲ್ಲಾ ಇರುಳ ಮಕ್ಕಳಿಗೂ ಒಂದೇ ಅಡ್ಡಹೆಸರು ಕಾದಿರುತ್ತದೆ: "ಇಲಿ ತಿನ್ನುವವರು." ಉಳಿದ ಮಕ್ಕಳು ನಗುತ್ತಾರೆ. ನಕ್ಕಿಸಿಕೊಂಡ ಮಗು ಎರಡು ದಿನ ಬರುತ್ತದೆ, ಮೂರನೆಯ ದಿನ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ನಾವು ಬರೆಯುವುದು "ಗೈರುಹಾಜರು" ಎಂದು ಮಾತ್ರ. ಯಾಕೆ ಎಂದು ಬರೆಯಲು ಅದರಲ್ಲಿ ಜಾಗವಿಲ್ಲ.

ವಿಚಿತ್ರ ನೋಡಿ. ವಿದೇಶದ ಹುಡುಗ ಇಲಿಯನ್ನು ಫ್ರಿಜ್ಜಿನಲ್ಲಿಟ್ಟು ಹಾವಿಗೆ ತಿನ್ನಿಸಿದರೆ ನಮ್ಮ ಮಕ್ಕಳಿಗೆ ಅದು ಅದ್ಭುತ. ನಮ್ಮ ಪಕ್ಕದ ಬೆಂಚಿನ ಮಗುವಿನ ಜನ ಹೊಲದ ಇಲಿಯನ್ನು ಹಿಡಿದು ರೈತನ ಬೆಳೆ ಉಳಿಸಿದರೆ ಅದು ಅವಮಾನ. ಇದು ಸರಿಯೇ? ಇಲಿ ಯಾವ ಬಿಲದಲ್ಲಿದೆ, ಹಾವು ಎಲ್ಲಿ ಮಲಗಿದೆ ಎಂದು ತಿಳಿಯುವುದೂ ವಿದ್ಯೆಯೇ. ಅಮೆರಿಕದ ವಿಶ್ವವಿದ್ಯಾಲಯ ಆ ವಿದ್ಯೆಯನ್ನು ಹುಡುಕಿಕೊಂಡು ಬಂತು. ನಮ್ಮ ಶಾಲೆ ಅದನ್ನು ಯಾಕೆ ಗೌರವಿಸಬಾರದು?

ಇನ್ನೊಂದು ಕಾರಣವೂ ಇದೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸುಮಾರು 12 ಲಕ್ಷ ಜನ ಸತ್ತರು, ವರ್ಷಕ್ಕೆ ಸರಾಸರಿ 58,000 ಮಂದಿ, ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು 15 ವರ್ಷದೊಳಗಿನ ಮಕ್ಕಳು. ಅಂದರೆ ನಮ್ಮ ಶಾಲೆಗಳ ಮಕ್ಕಳು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವೂ ಅದೇ ವರ್ಷ ನವೆಂಬರಿನಲ್ಲಿ ತಮಿಳುನಾಡು ಸರಕಾರವೂ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿದವು. ಗಡಿಯ ಎರಡೂ ಕಡೆ ಓಡಾಡುವ ನಮಗೆ ಇದು ತಿಳಿದಿರಬೇಕು.

ಮಕ್ಕಳಿಗೆ ನಾವು ಹೇಳಬೇಕಾದದ್ದು ಕೆಲವೇ ಮಾತು. ಹಾವು ಕಂಡರೆ ಹತ್ತಿರ ಹೋಗಬೇಡಿ, ಹಿಡಿದು ಮೊಬೈಲಿಗೆ ಚಿತ್ರ ತೆಗೆಯಬೇಡಿ, ಕೊಲ್ಲಬೇಡಿ. ರಾತ್ರಿ ಟಾರ್ಚ್ ಇಲ್ಲದೆ ಹೊರಗೆ ಹೋಗಬೇಡಿ. ನೆಲದ ಮೇಲೆ ಮಲಗುವವರು ಸೊಳ್ಳೆ ಪರದೆಯನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ ಮಲಗಿ. ಕಾಳು ಚೆಲ್ಲಬೇಡಿ, ಮನೆಯ ಪಕ್ಕ ಕಸದ ರಾಶಿ, ಸೌದೆ ರಾಶಿ ಬೇಡ. ಇಲಿ ಬಾರದಿದ್ದರೆ ಹಾವೂ ಬಾರದು. ಹಾವು ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ, ಮಂತ್ರ ಹಾಕಿಸಲು ಹೊತ್ತು ಕಳೆಯಬೇಡಿ. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸದೆ ನೇರವಾಗಿ ಆಸ್ಪತ್ರೆಗೆ ಹೋಗಿ. 108ಕ್ಕೆ ಫೋನ್ ಮಾಡಿ.

ಸಹೋದ್ಯೋಗಿ ಶಿಕ್ಷಕರಲ್ಲಿ ಒಂದು ವಿನಂತಿ. ವಿಜ್ಞಾನ ಪಾಠದಲ್ಲಿ ಆಹಾರ ಸರಪಳಿ ಬರುತ್ತದೆ. ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು ಎಂದು ಕಪ್ಪು ಹಲಗೆಯ ಮೇಲೆ ಬರೆದು ಮುಗಿಸುತ್ತೇವೆ. ಆ ದಿನ ರಾಗಿ, ಇಲಿ, ಕೇರೆ ಹಾವು ಎಂದೂ ಬರೆಯಿರಿ. ಪಕ್ಕದಲ್ಲಿ ಮಾಸಿ ಸಡಯನ್, ವಡಿವೇಲ್ ಗೋಪಾಲ್ ಎಂಬ ಎರಡು ಹೆಸರುಗಳನ್ನೂ ಬರೆಯಿರಿ. ತರಗತಿಯಲ್ಲಿ ಇರುಳ ಮಗು ಇದ್ದರೆ ಅದು ಆ ಹೆಸರುಗಳನ್ನು ನೋಡಲಿ, ಉಳಿದ ಮಕ್ಕಳೂ ನೋಡಲಿ.

ನಿಮ್ಮ ಊರಿನ ಹಿರಿಯರಲ್ಲಿ ಹಾವು, ಇಲಿ, ಪ್ಲೇಗಿನ ಕಾಲದ ನೆನಪುಗಳಿದ್ದರೆ ಮಕ್ಕಳಿಂದ ಕೇಳಿಸಿ ಬರೆಸಿ. ಅದೂ ಚರಿತ್ರೆಯೇ.